ಹಿರಿ ನಾಯಿ ಇರುವ ಮನೆಗೆ ಮರಿ ತರುವಾಗ: ಪರಿಚಯ ಮಾಡಿಸುವುದು ಹೇಗೆ?

"ನಮ್ಮ ನಾಯಿ ತುಂಬಾ ಸಾಧು. ಯಾರ ಮೈಮೇಲೂ ಹೋದದ್ದಿಲ್ಲ. ಆದರೆ ಮರಿ ತಂದ ದಿನದಿಂದ, ಅದು ಹತ್ತಿರ ಬಂದರೆ ಸಾಕು, ಗುರ್ ಅನ್ನುತ್ತದೆ. ಕಚ್ಚಿಬಿಡುತ್ತಾ?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ನಾಯಿಯ ಜಾತಿ, ವಯಸ್ಸು ಬೇರೆ ಇರುತ್ತದೆ, ಆತಂಕ ಮಾತ್ರ ಅದೇ. ಇನ್ನು ಕೆಲವರು ಖುಷಿಯಿಂದ ಬರೆಯುತ್ತಾರೆ: "ಮರಿ ಅದರ ಕಿವಿ ಕಚ್ಚಿ ಜೋತಾಡಿದರೂ ದೊಡ್ಡದು ಸುಮ್ನೆ ಇರುತ್ತೆ. ಎಷ್ಟು ಒಳ್ಳೆಯದು ಅಲ್ವಾ?" ನಿಜ ಹೇಳಬೇಕೆಂದರೆ ನನಗೆ ಜಾಸ್ತಿ ಚಿಂತೆಯಾಗುವುದು ಈ ಎರಡನೇ ಮನೆಯ ಬಗ್ಗೆ. ಗುರ್ ಅನ್ನುವ ನಾಯಿ ತನ್ನ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತಿದೆ. ಸುಮ್ಮನಿರುವ ನಾಯಿ ಹೇಳಿ ಹೇಳಿ ಸೋತಿರಬಹುದು, ಅಥವಾ ಹೇಳಿದ್ದನ್ನು ಮನೆಯವರು ಗಮನಿಸದೇ ಇರಬಹುದು.

ಆದ್ದರಿಂದ ಈ ಬರಹದುದ್ದಕ್ಕೂ ನಾನು ದೊಡ್ಡ ನಾಯಿಯ ಪರ. ಮರಿ ಮುದ್ದಾಗಿರುತ್ತದೆ, ಎಲ್ಲರ ಕಣ್ಣೂ ಅದರ ಮೇಲೇ. ಪರಿಚಯ ಎಷ್ಟು ಬೇಗ ಆಗಬೇಕು ಎಂದು ತೀರ್ಮಾನಿಸಬೇಕಾದದ್ದು ಮಾತ್ರ ಮೊದಲಿನಿಂದ ಮನೆಯಲ್ಲಿರುವ ನಾಯಿ. ಅದು ಹೇಳುವುದನ್ನು ಕೇಳಿಸಿಕೊಂಡರೆ ಅರ್ಧ ಕೆಲಸ ಆದಂತೆ.

ದೊಡ್ಡ ನಾಯಿಗಳು ಮರಿಯನ್ನು ಕಂಡಾಗ ಏನು ಮಾಡುತ್ತವೆ?

"ನಾಯಿಗಳಿಗೆಲ್ಲ ಮರಿ ಅಂದರೆ ಪ್ರೀತಿ" ಎಂಬ ನಂಬಿಕೆ ಬಹಳ ಜನರಲ್ಲಿದೆ. ಹಾಗೇನಿಲ್ಲ. ಕೆಲವು ನಾಯಿಗಳು ಮೊದಲ ದಿನವೇ ಮುಂಗಾಲು ಬಗ್ಗಿಸಿ ಆಟಕ್ಕೆ ಕರೆಯುತ್ತವೆ. ಕೆಲವು ಒಮ್ಮೆ ಮೂಸಿ ನೋಡಿ, ಇನ್ನು ನನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಂತೆ ಎದ್ದು ಹೋಗುತ್ತವೆ. ಕೆಲವು ಮರಿ ಕಂಡ ಕೂಡಲೇ ಸೋಫಾ ಹತ್ತಿ ಕೂರುತ್ತವೆ, ದಿನಗಟ್ಟಲೆ ಇಳಿಯುವುದಿಲ್ಲ. ಕೆಲವು ಗುರ್ ಅನ್ನುತ್ತವೆ. ಕೆಲವು ಹೆಣ್ಣು ನಾಯಿಗಳು ಮರಿಯ ಮುಂದೆ ತಿಂದದ್ದನ್ನು ಕಕ್ಕುವುದೂ ಉಂಟು. ಇದು ಕಾಯಿಲೆಯಲ್ಲ, ಮರಿಗೆ ಉಣಿಸುವ ಹಳೆಯ ಹುಟ್ಟುಗುಣ. ತೋಳಗಳು ಬೇಟೆಯಿಂದ ಬಂದು ಮರಿಗಳಿಗೆ ಹೀಗೆಯೇ ಉಣಿಸುತ್ತವೆ. ಮರಿ ದೊಡ್ಡ ನಾಯಿಯ ಬಾಯಿಯ ಮೂಲೆಯನ್ನು ನೆಕ್ಕುತ್ತಾ ಹಿಂದೆ ಬೀಳುವುದಕ್ಕೂ ಮೂಲ ಇದೇ: "ನನಗೂ ಏನಾದರೂ ಕೊಡು."

ಇವೆಲ್ಲವೂ ಸಹಜ. ಮರಿಯಿಂದ ದೂರ ಹೋಗುವ ನಾಯಿ ಕೆಟ್ಟ ನಾಯಿಯಲ್ಲ. ನನ್ನ ಪ್ರಕಾರ ಅದು ತಿಳಿವಳಿಕೆ ಇರುವ ನಾಯಿ, ಜಗಳ ತಪ್ಪಿಸುವ ದಾರಿ ಅದಕ್ಕೆ ಗೊತ್ತು.

ತರಬೇತುದಾರರು "ಪಪ್ಪಿ ಲೈಸೆನ್ಸ್" ಎಂಬ ಮಾತು ಬಳಸುತ್ತಾರೆ. ಅಂದರೆ ಮರಿಗೆ ಸಿಗುವ ರಿಯಾಯಿತಿ. ದೊಡ್ಡವರ ಮೈಮೇಲೆ ಹತ್ತಿದರೂ, ಬಾಲ ಎಳೆದರೂ ಅನೇಕ ನಾಯಿಗಳು ಎಳೆಯ ಮರಿಯನ್ನು ಸಹಿಸಿಕೊಳ್ಳುತ್ತವೆ. ಈ ರಿಯಾಯಿತಿ ಎಲ್ಲ ನಾಯಿಗಳೂ ಕೊಡುವಂಥದ್ದಲ್ಲ, ಕೊಟ್ಟರೂ ಶಾಶ್ವತವಲ್ಲ. ಮರಿಗೆ ನಾಲ್ಕೈದು ತಿಂಗಳಾಗುವಾಗ ಅದು ಕರಗಲು ಶುರುವಾಗುತ್ತದೆ. "ಮೊದಲು ಚೆನ್ನಾಗಿದ್ದವು, ಈಗ ಯಾಕೋ ದೊಡ್ಡದು ಸಿಡುಕುತ್ತದೆ" ಎಂಬ ದೂರು ಬರುವುದು ಹೆಚ್ಚಾಗಿ ಈ ಹೊತ್ತಿನಲ್ಲಿಯೇ.

ಮರಿ ತರುವ ಮೊದಲು ಏನೇನು ಬೇಕು?

ಮರಿಗೆ ಕನಿಷ್ಠ 8 ವಾರ ತುಂಬಿರಬೇಕು. ಅದಕ್ಕೂ ಮೊದಲು ತಾಯಿಯಿಂದ ಬೇರೆ ಮಾಡಬೇಡಿ. ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುವಾಗಲೇ ಮರಿ ತನ್ನ ಹಲ್ಲನ್ನು ಎಷ್ಟು ಗಟ್ಟಿಯಾಗಿ ಊರಬಹುದು ಎಂದು ಕಲಿಯುವುದು. ಜೋರಾಗಿ ಕಚ್ಚಿದರೆ ಎದುರಿನದು ಕಿರುಚಿ ಆಟ ಬಿಟ್ಟು ಹೋಗುತ್ತದೆ, ಮರಿಗೆ ಅದೇ ಪಾಠ. ಈ ಪಾಠ ತಪ್ಪಿದ ಮರಿ ನಿಮ್ಮ ಹಿರಿ ನಾಯಿಯ ಕಿವಿಯ ಮೇಲೆ ಅದನ್ನು ಕಲಿಯಬೇಕಾಗುತ್ತದೆ. ಮರಿಯ 28 ಹಾಲುಹಲ್ಲುಗಳು ಸೂಜಿಯ ಮೊನೆ ಇದ್ದ ಹಾಗೆ. ಚರ್ಮಕ್ಕೆ ತಾಗಿದರೆ ದೊಡ್ಡ ನಾಯಿಗೂ ಚೆನ್ನಾಗಿಯೇ ನೋಯುತ್ತದೆ.

ಇಬ್ಬರ ಆರೋಗ್ಯವನ್ನೂ ನೋಡಿಕೊಳ್ಳಿ. ದೊಡ್ಡ ನಾಯಿಯ ಲಸಿಕೆಗಳು ಬಾಕಿ ಇರಬಾರದು. ಮರಿಗೆ 6ರಿಂದ 8 ವಾರದಲ್ಲಿ ಮೊದಲ ಲಸಿಕೆ ಬೀಳುತ್ತದೆ, ಆಮೇಲೆ 2ರಿಂದ 4 ವಾರಕ್ಕೊಮ್ಮೆ, 16 ವಾರ ದಾಟುವವರೆಗೆ. ಇಷ್ಟೊಂದು ಸಲ ಯಾಕೆ ಎಂದು ಕೇಳುವವರಿದ್ದಾರೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಆ ರಕ್ಷಣೆ ಯಾವಾಗ ಇಳಿಯುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ ಸರದಿ. ಜಂತುಹುಳುವಿನ ಔಷಧಿಯನ್ನೂ ಪಶುವೈದ್ಯರನ್ನು ಕೇಳಿ ಕೊಡಿಸಿ. ಇಲ್ಲದಿದ್ದರೆ ಮರಿಯ ಹುಳು ದೊಡ್ಡ ನಾಯಿಗೂ ದಾಟೀತು.

ಇಲ್ಲಿ ಜಾಸ್ತಿ ಹೆದರಬೇಕಾದದ್ದು ಪಾರ್ವೋಗೆ. ರಕ್ತಭೇದಿ, ವಾಂತಿ ತರುವ ಈ ವೈರಸ್ ಕಾಯಿಲೆ 1978ರ ಹೊತ್ತಿಗೆ ಜಗತ್ತಿನಾದ್ಯಂತ ಹಬ್ಬಿತು. ಲಸಿಕೆ ಇಲ್ಲದ ಮರಿಗಳನ್ನು ಇದು ಇವತ್ತಿಗೂ ಕೊಲ್ಲುತ್ತದೆ. ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿಗೆ ಅಂಟಿಕೊಂಡೂ ಮನೆಯೊಳಗೆ ಬರುತ್ತದೆ. ಲಸಿಕೆಯ ಸರದಿ ಮುಗಿಯುವವರೆಗೆ ಊರ ನಾಯಿಗಳೆಲ್ಲ ಓಡಾಡುವ ನೆಲದಲ್ಲಿ ಮರಿಯನ್ನು ಕೆಳಗೆ ಬಿಡಬೇಡಿ. ಎತ್ತಿಕೊಂಡು ಹೋಗಿ.

ಇನ್ನೊಂದು ವಿಷಯವನ್ನು ಬಹಳ ಮಂದಿ ಬಿಟ್ಟೇಬಿಡುತ್ತಾರೆ. ನಿಮ್ಮ ನಾಯಿಗೆ ಏಳೆಂಟು ವರ್ಷ ದಾಟಿದ್ದರೆ ಮರಿ ತರುವ ಮೊದಲು ಅದಕ್ಕೊಂದು ತಪಾಸಣೆ ಮಾಡಿಸಿ. ಕೀಲುನೋವು, ಹಲ್ಲುನೋವು, ಕಿವಿಯ ಸೋಂಕು, ಮಂದವಾದ ಕಣ್ಣು. ನೋವಿರುವ ನಾಯಿಯ ಸೊಂಟದ ಮೇಲೆ ಮರಿ ಹಾರಿದರೆ ಅದು ಸಿಡುಕದೆ ಇನ್ನೇನು ಮಾಡೀತು? ಕಿವಿ ಕೇಳದ ನಾಯಿಗೆ ಮರಿ ಹಿಂದಿನಿಂದ ಬಂದದ್ದೇ ತಿಳಿಯುವುದಿಲ್ಲ, ಬೆಚ್ಚಿಬಿದ್ದು ಬಾಯಿ ಹಾಕುತ್ತದೆ.

ಸಾಮಾನುಗಳ ಪಟ್ಟಿ ಚಿಕ್ಕದು. ಕೋಣೆಯ ಬಾಗಿಲಿಗೆ ಅಡ್ಡ ಇಡಲು ಒಂದು ಬೇಬಿ ಗೇಟ್, ಅಂದರೆ ಆಚೆ ಈಚೆ ಕಾಣುವ ಆದರೆ ದಾಟಲಾಗದ ಗಿಡ್ಡ ಗೇಟು. ಮರಿಗೆ ಕ್ರೇಟ್, ಅಂದರೆ ಒಳಗೆ ಮಲಗಿಸಿ ಬಾಗಿಲು ಹಾಕಬಹುದಾದ ಗೂಡು, ಅಥವಾ ಸುತ್ತುಬೇಲಿಯಂಥ ಪ್ಲೇಪೆನ್. ಎರಡು ಬಟ್ಟಲು ಊಟಕ್ಕೆ, ಎರಡು ನೀರಿಗೆ, ಬೇರೆ ಬೇರೆ ಕಡೆ. ಎರಡು ಹಾಸಿಗೆ. ನಾಯಿಯನ್ನು ಹಿಡಿದು ನಡೆಸಲು ಎರಡು ಹಗುರ ಲೀಷ್. ಪರಿಚಯದ ದಿನ ಇಬ್ಬರು ದೊಡ್ಡವರು ಮನೆಯಲ್ಲಿರಬೇಕು, ಒಂದೊಂದು ನಾಯಿಗೆ ಒಬ್ಬೊಬ್ಬರು.

ಹಂತ 1: ವಾಸನೆಯಿಂದ ಶುರು ಮಾಡಿ

ನಾಯಿಗೆ ಗುರುತು ಸಿಗುವುದು ಮೂಗಿನಿಂದ. ಮರಿ ತರುವ ಎರಡು ಮೂರು ದಿನ ಮೊದಲು ಅದು ಮಲಗುವ ಕಡೆ ಒಂದು ಬಟ್ಟೆ ಹಾಕಿಸಿ, ಅದನ್ನು ಮನೆಗೆ ತನ್ನಿ. ನೆಲದ ಮೇಲಿಟ್ಟು ಸುಮ್ಮನಿರಿ. ಮೂಗಿಗೆ ಹಿಡಿಯಬೇಡಿ. ದೊಡ್ಡ ನಾಯಿ ಮೂಸಿ ಹೊರಟುಹೋದರೆ ಒಳ್ಳೆಯದು, ಅಲ್ಲಿಗೆ ಬಿಡಿ. ಅದೇ ದಿನಗಳಲ್ಲಿ ಗೇಟನ್ನೂ ಹಾಕಿ ರೂಢಿ ಮಾಡಿಸಿ. ಗೇಟು ಮತ್ತು ಮರಿ ಒಂದೇ ದಿನ ಬಂದರೆ "ನನ್ನ ದಾರಿ ಮುಚ್ಚಿದ್ದು ಇದೇ" ಎಂದು ನಾಯಿ ಎರಡನ್ನೂ ಗಂಟು ಹಾಕಿಬಿಡುತ್ತದೆ.

ಹಂತ 2: ಮನೆಯ ಹೊರಗೆ ಮೊದಲ ಭೇಟಿ

ಮರಿಯನ್ನು ಎತ್ತಿಕೊಂಡು ನೇರವಾಗಿ ಮನೆಯೊಳಗೆ ಬಂದು ದೊಡ್ಡ ನಾಯಿಯ ಮೂತಿಗೆ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಮರಿ ಗಾಳಿಯಲ್ಲಿ ತೂಗುತ್ತಿರುತ್ತದೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ದೊಡ್ಡದು ನಿಮ್ಮ ಮೈಮೇಲೆ ಹಾರುತ್ತದೆ. ಇಬ್ಬರಿಗೂ ಕೆಟ್ಟ ಶುರು.

ಅದರ ಬದಲು, ದೊಡ್ಡ ನಾಯಿ "ಇದು ನನ್ನದು" ಎಂದು ಕಾಯದಂಥ ಜಾಗ ಹುಡುಕಿ. ಮರಿಗೆ ಲಸಿಕೆ ಪೂರ್ತಿ ಆಗದಿರುವುದರಿಂದ ಬೇರೆ ನಾಯಿಗಳು ಬಾರದ ಶುದ್ಧ ಜಾಗವೇ ಆಗಬೇಕು. ಲಸಿಕೆ ಹಾಕಿದ ನಾಯಿ ಇರುವ ಗೆಳೆಯರ ಅಂಗಳ ಆದೀತು. ಏನೂ ಸಿಗದಿದ್ದರೆ ನಿಮ್ಮದೇ ಮನೆಯಲ್ಲಿ ನಾಯಿ ಕಡಿಮೆ ಓಡಾಡುವ ಜಾಗ ಸಾಕು.

ದೊಡ್ಡ ನಾಯಿಯನ್ನು ಮೊದಲು ಚೆನ್ನಾಗಿ ನಡೆಸಿ, ಅದರ ಮೈಯ ಚುರುಕು ಸ್ವಲ್ಪ ಇಳಿದಿರಲಿ. ಆಮೇಲೆ ಇಬ್ಬರೂ ಒಂದೇ ದಿಕ್ಕಿಗೆ ನಡೆಯಿರಿ, ನಡುವೆ ಏಳೆಂಟು ಹೆಜ್ಜೆ ಅಂತರ ಬಿಟ್ಟು. ಮರಿ ನೆಲದ ಮೇಲಿರಲಿ, ನೆಲ ನಂಬುವಂಥದ್ದಲ್ಲದಿದ್ದರೆ ಕೈಯಲ್ಲಿರಲಿ. ಎದುರುಬದುರು ತರಬೇಡಿ. ಅಕ್ಕಪಕ್ಕ ನಡೆಯುವಾಗ ನಾಯಿಗಳು ಒಂದನ್ನೊಂದು ದಿಟ್ಟಿಸಬೇಕಾಗುವುದಿಲ್ಲ, ಗಾಳಿಯಲ್ಲಿ ವಾಸನೆ ಮಾತ್ರ ಸಿಗುತ್ತದೆ. ನಿಧಾನವಾಗಿ ಹತ್ತಿರವಾಗಿ.

ಲೀಷ್ ಸಡಿಲವಾಗಿರಲಿ. ನಾನು ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಲೀಷ್ ಬಿಗಿಯಾದಾಗ ನಾಯಿಯ ಎದೆ ಮುಂದಕ್ಕೆ ಬರುತ್ತದೆ, ತಲೆ ಮೇಲೇಳುತ್ತದೆ. ಎದುರಿನ ನಾಯಿಗೆ ಅದು ಜಗಳಕ್ಕೆ ನಿಂತ ಭಂಗಿಯಂತೆ ಕಾಣುತ್ತದೆ. ನಿಮ್ಮ ಕೈಯ ನಡುಕವೂ ಲೀಷ್‌ನಲ್ಲಿ ಇಳಿದು ಹೋಗುತ್ತದೆ.

ಹತ್ತಿರ ಬಂದಾಗ ದೊಡ್ಡ ನಾಯಿ ಮೂಸಲಿ. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿ, ಖುಷಿಯ ದನಿಯಲ್ಲಿ ಅದನ್ನು ಕರೆದು ದೂರ ತನ್ನಿ. ಬಂದರೆ ಒಂದು ತುಣುಕು ತಿಂಡಿ. ಮತ್ತೆ ಬಿಡಿ, ಮತ್ತೆ ಮೂರು ಎಣಿಕೆ. ಮೂಸುವುದು ಜಾಸ್ತಿ ಹೊತ್ತು ಎಳೆದರೆ ಎರಡರ ಮೈಯೂ ಬಿಗಿಯಾಗುತ್ತದೆ, ಅದಕ್ಕೆ ಮೊದಲೇ ಬಿಡಿಸಬೇಕು. ಇಡೀ ಭೇಟಿ ಹತ್ತು ನಿಮಿಷ ಸಾಕು. ಮರಿ ಅಂಗಾತ ಬಿದ್ದು ಎರಡು ಹನಿ ಉಚ್ಚೆ ಬಿಟ್ಟರೆ ಗದರಬೇಡಿ. "ನಾನು ಚಿಕ್ಕವನು, ನನ್ನಿಂದ ನಿನಗೇನೂ ತೊಂದರೆಯಿಲ್ಲ" ಎಂದು ಹೇಳುವ ರೀತಿ ಅದು.

ಹಂತ 3: ಮೈಯ ಮಾತು ಓದುವುದನ್ನು ಕಲಿಯಿರಿ

ಉಳಿದ ಹಂತಗಳಲ್ಲಿ ಒಂದೆರಡು ತಪ್ಪಿದರೂ ಸುಧಾರಿಸಬಹುದು, ಇದೊಂದನ್ನು ಬಿಡಬೇಡಿ.

ಬ್ರಿಟನ್‌ನ ಪಶುವೈದ್ಯೆ ಕೆಂಡಲ್ ಶೆಫರ್ಡ್ ನಾಯಿಯ ಅಸಮಾಧಾನವನ್ನು ಒಂದು ಏಣಿಯಂತೆ ಚಿತ್ರಿಸಿದ್ದಾರೆ. ಕೆಳಗಿನ ಮೆಟ್ಟಿಲಲ್ಲಿ ಆಕಳಿಕೆ, ಕಣ್ಣು ಮಿಟುಕಿಸುವುದು, ಮೂಗು ನೆಕ್ಕಿಕೊಳ್ಳುವುದು. ಆಮೇಲೆ ಮುಖ ತಿರುಗಿಸುವುದು, ಮೈ ತಿರುಗಿಸುವುದು, ಎದ್ದು ಹೋಗುವುದು, ಕಿವಿ ಹಿಂದಕ್ಕೆ ಮಾಡಿ ಕುಗ್ಗುವುದು, ಬಾಲ ಒಳಗೆ ಹಾಕುವುದು, ಕಾಲೆತ್ತಿ ಮಲಗುವುದು. ಅಲ್ಲಿಗೂ ಕೇಳದಿದ್ದರೆ ಮೈ ಸೆಟೆದು ದಿಟ್ಟಿಸುವುದು. ಆಮೇಲೆ ಗುರ್. ಆಮೇಲೆ ಗಾಳಿಯಲ್ಲಿ ಬಾಯಿ ಹಾಕುವುದು. ಕೊನೆಗೆ ಕಚ್ಚುವುದು. ಗುರ್ ಅನ್ನುವ ಹೊತ್ತಿಗೆ ನಾಯಿ ಬಹಳ ಮೆಟ್ಟಿಲು ಹತ್ತಿ ಬಂದಿರುತ್ತದೆ. ಕೆಳಗಿನ ಮೆಟ್ಟಿಲುಗಳಲ್ಲಿರುವ ಸಣ್ಣ ಸನ್ನೆಗಳನ್ನು ನಾರ್ವೆಯ ತರಬೇತುದಾರೆ ಟುರಿಡ್ ರುಗೋಸ್ "ಕಾಮಿಂಗ್ ಸಿಗ್ನಲ್ಸ್" ಎಂದು ಕರೆದರು, ಅಂದರೆ ತಾನೂ ಸಮಾಧಾನವಾಗಿ ಎದುರಿನವರನ್ನೂ ಸಮಾಧಾನ ಮಾಡುವ ಸನ್ನೆಗಳು.

ಇದು ಕಣ್ಣಮುಂದೆ ನಡೆದಾಗ ಹೇಗಿರುತ್ತದೆ? ನಮ್ಮ ಮನೆಗೆ 9 ವಾರದ ಮರಿ ಬಂದಾಗ ಹಿರಿಯವಳಿಗೆ 11 ವರ್ಷ. ಮೂರನೇ ದಿನ ಮಧ್ಯಾಹ್ನ ಅವಳು ಮುಂಗಾಲಿನ ಮೇಲೆ ಗದ್ದವಿಟ್ಟು ಮಲಗಿದ್ದಳು. ಮರಿ ಬಂದು ಕಿವಿಗೆ ಬಾಯಿ ಹಾಕಿತು. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಮರಿ ಸುತ್ತಿ ಬಂದು ಆ ಕಡೆಯ ಕಿವಿ ಹಿಡಿಯಿತು. ನಾಲಗೆಯ ತುದಿ ಸರ್ರನೆ ಹೊರಬಂದು ಮೂಗು ನೆಕ್ಕಿ ಒಳಗೆ ಹೋಯಿತು. ಮರಿ ಬೆನ್ನ ಮೇಲೆ ಕಾಲಿಟ್ಟಿತು. ಅಷ್ಟು ಹೊತ್ತು ಸಣ್ಣಗೆ ಅಲ್ಲಾಡುತ್ತಿದ್ದ ಬಾಲದ ತುದಿ ನಿಂತಿತು. ತೆರೆದಿದ್ದ ಬಾಯಿ ಮುಚ್ಚಿತು. ಮೇಲಿನ ತುಟಿ ಒಂದು ಕಡೆ ನಡುಗಿ ಕೋರೆಹಲ್ಲು ಕಂಡಿತು. ಮರಿ ನೋಡಲಿಲ್ಲ. ಮರುಕ್ಷಣ ಒಂದು ದೊಡ್ಡ ಸದ್ದು, ಅವಳ ಬಾಯಿ ಮರಿಯ ಮುಖದ ಮೇಲೆ. ಮರಿ ಯಾರೋ ಕೊಂದೇಬಿಟ್ಟರು ಎನ್ನುವ ಹಾಗೆ ಕಿರುಚಿತು. ಓಡಿಹೋಗಿ ಎತ್ತಿ ನೋಡಿದೆ. ಕಿವಿಯ ಮೇಲೆ ಒಂದಿಷ್ಟು ಜೊಲ್ಲು, ಅಷ್ಟೇ. ಒಂದು ಗೀರೂ ಇರಲಿಲ್ಲ. ಕೆಳಗೆ ಬಿಟ್ಟಾಗ ಮರಿ ಒಂದು ಮಾರು ದೂರ ಹೋಗಿ ಕೂತಿತು. ಅವಳು ಮತ್ತೆ ಗದ್ದ ಕೆಳಗಿಟ್ಟಳು.

ಅವಳು ಮಾಡಿದ್ದು ಸರಿ. ತಪ್ಪಿದ್ದು ನಾನು. ಮುಖ ತಿರುಗಿಸಿದಾಗಲೇ ಎದ್ದು ಮರಿಯನ್ನು ಈಚೆ ಕರೆಯಬೇಕಿತ್ತು. ಐದು ಸಲ ಹೇಳಿದಳು, ನಾನು ನೋಡುತ್ತಾ ಕೂತಿದ್ದೆ.

ಹಾಗಾದರೆ ಬುದ್ಧಿ ಹೇಳುವುದು ಯಾವುದು, ದಾಳಿ ಯಾವುದು? ಬುದ್ಧಿ ಹೇಳುವಾಗ ಸದ್ದು ದೊಡ್ಡದು, ಪೆಟ್ಟಿಲ್ಲ. ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಮರಿ ಹಿಂದೆ ಸರಿದ ಕೂಡಲೇ ದೊಡ್ಡದು ನಿಲ್ಲಿಸುತ್ತದೆ, ಮೈ ಮತ್ತೆ ಸಡಿಲವಾಗುತ್ತದೆ. ದಾಳಿಯಲ್ಲಿ ಸದ್ದೇ ಇಲ್ಲದಿರಬಹುದು. ಮರಿ ಶರಣಾಗಿ ಅಂಗಾತ ಬಿದ್ದರೂ ಬಿಡುವುದಿಲ್ಲ, ಓಡಿದರೆ ಅಟ್ಟಿಸಿಕೊಂಡು ಹೋಗುತ್ತದೆ, ಬಾಯಲ್ಲಿ ಹಿಡಿದು ಕೊಡವುತ್ತದೆ. ಹಲ್ಲೂರಿದ ಗಾಯ ಇರುತ್ತದೆ. ಮೊದಲನೆಯದಕ್ಕೆ ದೊಡ್ಡ ನಾಯಿಯನ್ನು ಬೈಯಬಾರದು. ಎರಡನೆಯದಾದರೆ ಆ ಕ್ಷಣದಿಂದ ಎರಡನ್ನೂ ಬೇರೆ ಬೇರೆ ಇಟ್ಟು ಪಶುವೈದ್ಯರನ್ನು, ನಾಯಿಯ ನಡವಳಿಕೆ ಬಲ್ಲವರನ್ನು ಕಾಣಬೇಕು.

ಗುರ್ ಅಂದದ್ದಕ್ಕೆ ಹೊಡೆಯುವುದು, ಬೈಯುವುದು ಅತಿ ದೊಡ್ಡ ತಪ್ಪು. ಬೈದರೆ ನಾಯಿಗೆ ಮರಿಯ ಮೇಲಿನ ಸಿಟ್ಟು ಹೋಗುವುದಿಲ್ಲ, ಗುರ್ ಅನ್ನುವುದು ಮಾತ್ರ ಹೋಗುತ್ತದೆ. ಮುಂದಿನ ಸಲ ಅದು ಎಚ್ಚರಿಕೆ ಕೊಡದೆ ನೇರ ಬಾಯಿ ಹಾಕುತ್ತದೆ. "ಏನೂ ಸೂಚನೆ ಇಲ್ಲದೆ ಕಚ್ಚಿತು" ಎನ್ನುವ ಕಥೆಗಳ ಹಿಂದೆ ಅನೇಕ ಸಲ ಹೀಗೆ ಬಾಯಿ ಮುಚ್ಚಿಸಿದ ಇತಿಹಾಸ ಇರುತ್ತದೆ. ಗುರ್ ಕೇಳಿದರೆ ಮರಿಯನ್ನು ಕರೆದು ದೂರ ಮಾಡಿ. ದೊಡ್ಡದಕ್ಕೆ "ಕೇಳಿಸಿತು" ಎಂದು ಹೇಳಿದ ಹಾಗಾಯಿತು.

ಬಾಲದ ಬಗ್ಗೆ ಒಂದು ಮಾತು. ಬಾಲ ಅಲ್ಲಾಡಿದರೆ ಖುಷಿ ಎಂದುಕೊಳ್ಳಬೇಡಿ. ಸೊಂಟದವರೆಗೆ ಮೈಯೆಲ್ಲ ಬಳುಕುತ್ತಾ ಬಾಲ ಅಗಲವಾಗಿ ಬೀಸಿದರೆ ಸ್ನೇಹ. ಬಾಲ ಮೇಲೆ ನಿಗುರಿ, ತುದಿ ಮಾತ್ರ ಚುರುಚುರು ಅಲ್ಲಾಡಿ, ಮೈ ಕಲ್ಲಿನಂತಿದ್ದರೆ ಅದು ಬಿಗುವು. ಇಟಲಿಯ ಸಂಶೋಧಕರು 2007ರಲ್ಲಿ ಇನ್ನೊಂದು ಸ್ವಾರಸ್ಯ ತೋರಿಸಿದರು: ಯಜಮಾನನನ್ನು ಕಂಡಾಗ ಬಾಲ ನಾಯಿಯ ಬಲಕ್ಕೆ ಜಾಸ್ತಿ ವಾಲುತ್ತದೆ, ಗುರುತಿಲ್ಲದ ಜೋರು ನಾಯಿಯನ್ನು ಕಂಡಾಗ ಎಡಕ್ಕೆ. ಬರಿಗಣ್ಣಿಗೆ ಇದು ಸಿಗುವುದು ಕಷ್ಟ, ನೀವು ಮೈಯ ಬಿಗಿತವನ್ನೇ ನೋಡಿ. ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಂಡರೂ ಎಚ್ಚರ. ತಲೆ ಅಲ್ಲೇ ಇಟ್ಟು ಕಣ್ಣು ಮಾತ್ರ ಮರಿಯ ಕಡೆ ತಿರುಗಿದೆ ಎಂದರ್ಥ.

ಹಂತ 4: ಮನೆಯೊಳಗೆ ಬರುವುದು

ಒಳಗೆ ಬರುವ ಮೊದಲು ನೆಲದ ಮೇಲಿನ ಬಟ್ಟಲು, ಎಲುಬು, ಆಟಿಕೆ, ದೊಡ್ಡ ನಾಯಿಯ ಹಾಸಿಗೆ ಎಲ್ಲ ಎತ್ತಿಡಿ. ದೊಡ್ಡದು ಮೊದಲು ಒಳಗೆ ಹೋಗಲಿ, ಮರಿ ಹಿಂದೆ ಬರಲಿ. ಆಮೇಲೆ ಗೇಟಿನ ಆಚೆ ಈಚೆ ಇರಿಸಿ. ಮೊದಲ ಒಂದೆರಡು ದಿನ ಗೇಟಿನ ಮೂಲಕವೇ ಹೆಚ್ಚು ಭೇಟಿ ಆಗಲಿ. ಇಬ್ಬರಿಗೂ ಗೇಟಿನ ಎರಡು ಬದಿಯಲ್ಲಿ ತಿಂಡಿ ಹಾಕಿ: ಮೊದಲು ದೂರದಲ್ಲಿ, ದಿನದಿನಕ್ಕೆ ಹತ್ತಿರ. ಮರಿ ಕಾಣಿಸಿದರೆ ಒಳ್ಳೆಯದು ಸಿಗುತ್ತದೆ ಎಂದು ದೊಡ್ಡ ನಾಯಿಗೆ ಅನಿಸಬೇಕು. ಬಹಳ ಮನೆಗಳಲ್ಲಿ ಆಗುವುದು ಇದರ ತಲೆಕೆಳಗು. ಮರಿ ಬಂದರೆ ಬೈಗುಳ, ಮರಿ ಬಂದರೆ ಸೋಫಾದಿಂದ ಇಳಿ, ಮರಿ ಬಂದರೆ ವಾಕಿಂಗ್ ಇಲ್ಲ.

ಹಂತ 5: ಮೊದಲ ಮೂರು ವಾರ

ಇಬ್ಬರನ್ನೂ ಒಟ್ಟಿಗೆ ಬಿಟ್ಟು ಮನೆಯಿಂದ ಹೋಗಬೇಡಿ. ಸ್ನಾನಕ್ಕೂ ಹೋಗಬೇಡಿ. ನೀವು ಇಲ್ಲದಾಗ ಗೇಟು ಮುಚ್ಚಿರಲಿ.

ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮರಿ ಹುಚ್ಚು ಹಿಡಿದ ಹಾಗೆ ಓಡಾಡಿ ಕಂಡದ್ದನ್ನೆಲ್ಲ ಕಚ್ಚುತ್ತದೆ. ಮೊದಲು ಕಚ್ಚಿಸಿಕೊಳ್ಳುವುದು ದೊಡ್ಡ ನಾಯಿ. "ಮರಿ ಸಂಜೆಯಾದರೆ ದೆವ್ವ ಹಿಡಿದ ಹಾಗೆ ಆಡುತ್ತದೆ" ಎನ್ನುವವರಿಗೆ ನನ್ನ ಮೊದಲ ಉತ್ತರ: ಮಲಗಿಸಿ. ಒಂದು ಗಂಟೆ ಎಚ್ಚರ, ಎರಡು ಗಂಟೆ ಕ್ರೇಟ್‌ನಲ್ಲಿ ನಿದ್ದೆ, ಹೀಗೆ ದಿನ ಕಳೆಯಲಿ. ದೊಡ್ಡ ನಾಯಿಗೂ ಅಷ್ಟು ಹೊತ್ತು ನೆಮ್ಮದಿ.

ಮರಿ ಹೋಗಲಾಗದ ಒಂದು ಜಾಗ ದೊಡ್ಡ ನಾಯಿಗೆ ಇರಲೇಬೇಕು. ಒಂದು ಕೋಣೆ, ಅಥವಾ ಮರಿಗೆ ಹತ್ತಲಾಗದಷ್ಟು ಎತ್ತರದ ಮಂಚ. ಅಲ್ಲಿಗೆ ಹೋದ ನಾಯಿಯನ್ನು ಮಕ್ಕಳೂ ಎಬ್ಬಿಸಬಾರದು.

ಊಟ ಬೇರೆ ಬೇರೆ, ನಡುವೆ ಬಾಗಿಲು. ಬಟ್ಟಲು ಖಾಲಿಯಾದ ಕೂಡಲೇ ಎತ್ತಿ. ಅಗಿಯುವ ಎಲುಬು, ಕಡ್ಡಿಗಳೂ ಹಾಗೇ. ತನ್ನ ಊಟ, ಹಾಸಿಗೆ, ಆಟಿಕೆಯನ್ನು ಬೇರೆಯವರು ಮುಟ್ಟದಂತೆ ಕಾಯುವುದನ್ನು "ರಿಸೋರ್ಸ್ ಗಾರ್ಡಿಂಗ್" ಎನ್ನುತ್ತಾರೆ. ಮನೆಯ ನಾಯಿಗಳ ಜಗಳಕ್ಕೆ ಇದು ದೊಡ್ಡ ಕಾರಣ. ನಾಯಿ ನಿಮ್ಮನ್ನೂ ಹೀಗೆ ಕಾಯಬಹುದು ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ನಿಮ್ಮ ಕಾಲ ಬಳಿ ಮಲಗಿದ ದೊಡ್ಡದು ಮರಿ ಬಂದಾಗ ಮಾತ್ರ ಗುರ್ ಅಂದರೆ ಎದ್ದು ಬೇರೆ ಕಡೆ ನಡೆಯಿರಿ. ಕಾಯಲು ಏನೂ ಉಳಿಯುವುದಿಲ್ಲ.

ಪ್ರತಿದಿನ ದೊಡ್ಡ ನಾಯಿಯ ಜೊತೆ ನೀವೊಬ್ಬರೇ ಹೊರಗೆ ಹೋಗಿ. ಅದರ ಹಳೆಯ ಹೊತ್ತು, ಹಳೆಯ ದಾರಿ, ಹಳೆಯ ಆಟ. ಮರಿಗಾಗಿ ಇದನ್ನು ನಿಲ್ಲಿಸಬೇಡಿ. ಮರಿಗೂ ದೊಡ್ಡದಿಲ್ಲದ ಹೊತ್ತು ಬೇಕು. ಇಲ್ಲದಿದ್ದರೆ ಅದು ನಿಮ್ಮ ಮಾತು ಕೇಳುವುದಕ್ಕಿಂತ ದೊಡ್ಡ ನಾಯಿಯ ಬಾಲ ಹಿಡಿಯುವುದನ್ನೇ ಕಲಿಯುತ್ತದೆ.

ಹಂತ 6: ಆಟ ಬಿಡುವಾಗ

ಒಳ್ಳೆಯ ಆಟದಲ್ಲಿ ಸರದಿ ಇರುತ್ತದೆ. ಒಮ್ಮೆ ಇದು ಅಟ್ಟಿಸುತ್ತದೆ, ಒಮ್ಮೆ ಅದು. ದೊಡ್ಡದು ತಾನೇ ನೆಲಕ್ಕೆ ಬಿದ್ದು ಮರಿಗೆ ಗೆಲುವು ಕೊಡುತ್ತದೆ. ಬಾಯಿ ಸಡಿಲವಾಗಿ ತೆರೆದಿರುತ್ತದೆ. ನಡುನಡುವೆ ನಿಂತು ಮೈ ಕೊಡವಿಕೊಳ್ಳುತ್ತವೆ. ಮರಿಗೆ ಸಾಕಾಯಿತೇ ಎಂಬ ಅನುಮಾನ ಬಂದರೆ ದೊಡ್ಡದನ್ನು ಒಂದು ಕ್ಷಣ ಹಿಡಿದುಕೊಳ್ಳಿ. ಮರಿ ಮತ್ತೆ ಅದರ ಬಳಿಗೇ ಓಡಿ ಬಂದರೆ ಆಟ ಮುಂದುವರಿಯಲಿ. ಕುರ್ಚಿಯ ಕೆಳಗೆ ನುಗ್ಗಿದರೆ ಮುಗಿಸಿ. ದೊಡ್ಡ ನಾಯಿಯ ವಿಷಯದಲ್ಲೂ ಹೀಗೇ ಪರೀಕ್ಷಿಸಿ, ಮರಿಯನ್ನು ಹಿಡಿದುಕೊಂಡು.

ಮೈಯಳತೆಯ ಅಂತರ ಬಹಳ ಇದ್ದರೆ ಇನ್ನಷ್ಟು ಎಚ್ಚರ ಬೇಕು. 35 ಕಿಲೋ ನಾಯಿಯ ಒಂದು ಕಾಲು ಜೋರಾಗಿ ಬಿದ್ದರೂ 2 ಕಿಲೋ ಮರಿಯ ಎಲುಬು ಮುರಿದೀತು. ಪುಟ್ಟ ಮರಿ ಕಿರುಚಿ ಓಡಿದಾಗ ಕೆಲವು ದೊಡ್ಡ ನಾಯಿಗಳಲ್ಲಿ ಆಟ ಹೋಗಿ ಬೇಟೆಯ ಚಟ ಎದ್ದುಬಿಡುತ್ತದೆ. ಇದನ್ನು "ಪ್ರಿಡೇಟರಿ ಡ್ರಿಫ್ಟ್" ಎನ್ನುತ್ತಾರೆ. ಸ್ವಭಾವ ಒಳ್ಳೆಯದಿದ್ದ ಮಾತ್ರಕ್ಕೆ ಇದು ಆಗುವುದಿಲ್ಲ ಎನ್ನಲಾಗದು. ಇಂಥ ಜೋಡಿಗೆ ಓಡಾಟದ ಆಟ ಬೇಡ, ಒಟ್ಟಿಗೆ ಮೂಸಿ ತಿಂಡಿ ಹುಡುಕುವ ಆಟ ಸಾಕು.

ಹಂತ 7: ಮರಿ ಬೆಳೆದು ತುಂಟನಾದಾಗ

ಆರು ತಿಂಗಳ ಹೊತ್ತಿಗೆ ಮರಿಯ ಹಾಲುಹಲ್ಲು ಹೋಗಿ 42 ಗಟ್ಟಿ ಹಲ್ಲುಗಳು ಬಂದಿರುತ್ತವೆ, ಮೈಯಲ್ಲಿ ಹರೆಯದ ಹಾರ್ಮೋನುಗಳು ಏರಿರುತ್ತವೆ. ದೊಡ್ಡ ನಾಯಿ ಕೊಟ್ಟ ರಿಯಾಯಿತಿ ಮುಗಿದಿರುತ್ತದೆ. ಇಷ್ಟು ದಿನ ನಗುತ್ತಾ ಬಿಟ್ಟದ್ದನ್ನೆಲ್ಲ ಈಗ ಅದು ಬಿಡುವುದಿಲ್ಲ. ತೆಗೆದಿಟ್ಟ ಗೇಟನ್ನು ಮತ್ತೆ ಹಾಕಿ, ನಾಚಿಕೆ ಬೇಡ. ಊಟ ಮತ್ತೆ ಬೇರೆ ಮಾಡಿ. ಬೆದೆಗೆ ಬರುವ ಹೆಣ್ಣು ನಾಯಿ ಮನೆಯಲ್ಲಿದ್ದರೆ ಇನ್ನೊಂದು ನೆನಪಿಡಿ. ಬೆದೆಯಾದ ಕೆಲವು ವಾರಗಳ ನಂತರ ಅದಕ್ಕೆ ಸುಳ್ಳು ಬಸಿರು ಕಾಣಿಸಿಕೊಳ್ಳಬಹುದು. ಮೊಲೆಯಲ್ಲಿ ಹಾಲು ಬಂದು, ಆಟಿಕೆಯನ್ನೇ ಮರಿಯೆಂದು ಕಾಯುತ್ತಾ, ಹತ್ತಿರ ಬಂದವರ ಮೇಲೆ ಸಿಡುಕುತ್ತದೆ. ಅದು ಇಳಿಯುವವರೆಗೆ ಬೇರೆ ಇಡಿ, ಪಶುವೈದ್ಯರನ್ನು ಕೇಳಿ.

ಮನೆಯ ನಾಯಿಯೊಂದೇ ಮರಿಯ ಶಾಲೆಯಾಗಬಾರದು. ಅಮೆರಿಕದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ಸಂಶೋಧಕರು ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಪ್ರಕಾರ, ಮರಿ ಜಗತ್ತನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುವ ಕಾಲ ಸುಮಾರು 3ರಿಂದ 12 ವಾರ. ಆ ಕಿಟಕಿ ಮುಚ್ಚುವ ಮೊದಲು ಲಸಿಕೆಯಾದ, ಶಾಂತ ಸ್ವಭಾವದ ಬೇರೆ ಒಂದೆರಡು ನಾಯಿಗಳನ್ನೂ ಅದು ನೋಡಲಿ.

ಜಗಳ ಹತ್ತಿಕೊಂಡರೆ

ನಡುವೆ ಕೈ ಹಾಕಬೇಡಿ, ಕೊರಳ ಬೆಲ್ಟ್‌ಗೂ ಕೈ ಹಾಕಬೇಡಿ. ಆ ಹೊತ್ತಿಗೆ ನಾಯಿಗೆ ನಿಮ್ಮ ಕೈ ಯಾವುದು, ಎದುರಾಳಿ ಯಾವುದು ತಿಳಿಯುವುದಿಲ್ಲ. ದಿಂಬು, ಕುರ್ಚಿ, ರಟ್ಟಿನ ಹಾಳೆ, ಸಿಕ್ಕಿದ್ದನ್ನು ನಡುವೆ ತೂರಿಸಿ. ತಟ್ಟೆ ಬಡಿದು ಸದ್ದು ಮಾಡಿ, ನೀರು ಎರಚಿ, ಕಂಬಳಿ ಎಸೆಯಿರಿ. ಬಿಟ್ಟ ಕೂಡಲೇ ಒಂದನ್ನು ಕೋಣೆಗೆ ಹಾಕಿ ಬಾಗಿಲು ಮುಚ್ಚಿ. ರಾಜಿ ಮಾಡಿಸಲು ಮತ್ತೆ ಎದುರು ತರಬೇಡಿ, ಅವತ್ತು ಬೇರೆಯೇ ಇರಲಿ. ಮರಿಯ ಕೂದಲು ಬಿಡಿಸಿ ಮೈಯೆಲ್ಲ ತಡವಿ ನೋಡಿ. ಹಲ್ಲಿನ ತೂತು ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಮಾಂಸ ಹರಿದಿರಬಹುದು, ಒಂದೆರಡು ದಿನದಲ್ಲಿ ಕೀವಾಗುತ್ತದೆ. ಒಂದೇ ತೂತಿದ್ದರೂ ಅವತ್ತೇ ಪಶುವೈದ್ಯರಿಗೆ ತೋರಿಸಿ.

ಜಗಳವೇ ಆಗದಿದ್ದರೂ ದೊಡ್ಡ ನಾಯಿ ಊಟ ಬಿಟ್ಟರೆ, ಕೋಣೆಯಿಂದ ಹೊರಗೆ ಬಾರದಿದ್ದರೆ, ಮನೆಯೊಳಗೆ ಉಚ್ಚೆ ಮಾಡತೊಡಗಿದರೆ, ನಿಮ್ಮನ್ನು ಕಂಡು ಮೊದಲಿನ ಹಾಗೆ ಎದ್ದು ಬಾರದಿದ್ದರೆ ಅದನ್ನೂ ತೋರಿಸಿ. ಹೊಂದಿಕೊಳ್ಳಲು ಮೂರು ವಾರ ಹಿಡಿಯುವ ನಾಯಿಗಳಿವೆ, ಮೂರು ತಿಂಗಳು ಹಿಡಿಯುವವೂ ಇವೆ. ಕಾಯಬಹುದು. ಆದರೆ ತಟ್ಟೆಯ ಊಟ ಎರಡನೇ ದಿನವೂ ಹಾಗೇ ಉಳಿದಿದ್ದರೆ ಕಾಯಬೇಡಿ.